ತೊಂಬತ್ತೊಂಬತ್ತು ರೂಪಾಯಿಯ ಅಂತರ

ಐಫೋನ್ 15 ನಮ್ಮಲ್ಲಿ ಮಾರಾಟಕ್ಕೆ ಬಂದಾಗ ಅದರ ಬೆಲೆ 79,900 ರೂಪಾಯಿ. ಅದಾಗಿ ಕೆಲವೇ ತಿಂಗಳಿಗೆ, 2024ರ ಜನವರಿಯಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೆ 79,999. ಈ ತೊಂಬತ್ತೊಂಬತ್ತು ರೂಪಾಯಿಯ ಸಂದಿಯಲ್ಲಿ ಎರಡು ಮತಗಳೇ ಹುಟ್ಟಿಕೊಂಡಿವೆ. ನನ್ನ ಅಣ್ಣನ ಮಗ ಗ್ಯಾಲಕ್ಸಿ ಮತದವನು. ನನಗೆ ಹೊಸ ಫೋನು ಬೇಕೆಂದು ಗೊತ್ತಾದ ಕೂಡಲೇ ದೀಕ್ಷೆ ಕೊಡಲು ಮನೆಗೇ ಬಂದ.

"ಅದೇ ದುಡ್ಡಿಗೆ ಐಫೋನಲ್ಲಿ 128 ಜಿಬಿ, ಇದರಲ್ಲಿ 256. ಡಬಲ್ ಜಾಗ ಚಿಕ್ಕಪ್ಪ!"

ಜಾಗವಂತೂ ನನಗೆ ಬೇಕು. ಬೆಳಗಾದರೆ ಗುಲಾಬಿ ಹೂವಿನ ಮೇಲೆ ಶುಭೋದಯ ಬರೆದು ಕಳಿಸುವ ನೆಂಟರು ನನಗೆ ಬಹಳ. ಅಳಿಸಿದರೆ ಅವರಿಗೆ ಹೇಗೋ ಗೊತ್ತಾಗಿಬಿಡುತ್ತದೆ ಎಂಬ ಭಯವೂ ಇದೆ.

ತೂಕಕ್ಕೆ ಬಂದೆವು. ಐಫೋನ್ 171 ಗ್ರಾಂ, ಗ್ಯಾಲಕ್ಸಿ 167. ಆ ನಾಲ್ಕು ಗ್ರಾಂ ಚಿನ್ನವಾಗಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಗ್ಯಾಲಕ್ಸಿಯ ಪರದೆ ಸೆಕೆಂಡಿಗೆ 120 ಸಲ ಹೊಸದಾಗುತ್ತದಂತೆ, ಐಫೋನಿನದು 60 ಸಲ. ಚಾಳೀಸು ಬಂದ ಕಣ್ಣಿಗೆ ಕರೆಂಟ್ ಬಿಲ್ಲು ಎರಡರಲ್ಲೂ ಅಷ್ಟೇ ಕಾಣುತ್ತದೆ. ಗ್ಯಾಲಕ್ಸಿಗೆ ಏಳು ವರ್ಷ ಅಪ್‌ಡೇಟ್ ಗ್ಯಾರಂಟಿ ಎಂದ. ಅಂದರೆ ಸಾಡೇಸಾತಿಗೆ ಆರು ತಿಂಗಳು ಕಡಿಮೆ.

ನೀರಿನ ಲೆಕ್ಕ ಮಾತ್ರ ನನಗೆ ಹಿಡಿಸಿತು. ಐಫೋನ್ ಆರು ಮೀಟರ್ ಆಳದಲ್ಲಿ, ಗ್ಯಾಲಕ್ಸಿ ಒಂದೂವರೆ ಮೀಟರ್ ಆಳದಲ್ಲಿ ಅರ್ಧ ಗಂಟೆ ಬದುಕುತ್ತದಂತೆ. ನಮ್ಮ ಸಂಪು ಐದಡಿಗಿಂತ ಆಳವಿಲ್ಲ, ಗ್ಯಾಲಕ್ಸಿ ಸಾಕು. ಐಫೋನಿನ ಮರ್ಯಾದೆಗೆ ತಕ್ಕ ಬಾವಿಯನ್ನು ಬೆಂಗಳೂರಿನಲ್ಲಿ ಎಲ್ಲಿಂದ ತರಲಿ? ಕಷ್ಟವಿರುವುದು ಆಳದಲ್ಲಲ್ಲ, ಅರ್ಧ ಗಂಟೆಯೊಳಗೆ ಸಂಪಿಗೆ ಇಳಿಯುವವನನ್ನು ಹುಡುಕಿ ತರುವುದರಲ್ಲಿ.

ಮೂರು ಪಟ್ಟು ಹತ್ತಿರ ಎಳೆಯುವ ಇನ್ನೊಂದು ಲೆನ್ಸು ಗ್ಯಾಲಕ್ಸಿಯಲ್ಲಿದೆ, ಐಫೋನ್ 15ರಲ್ಲಿ ಇಲ್ಲ. ಅವನ ಫೋನು ಇಸಕೊಂಡು ಒಂದು ಮದುವೆಯಲ್ಲಿ ಪರೀಕ್ಷೆಯನ್ನೂ ಮಾಡಿದೆ. ಧಾರೆಯ ಹೊತ್ತಿಗೆ ಮಂಟಪದ ಮುಂದೆ ಫೋಟೋದವರು, ವಿಡಿಯೋದವರು, ದೀಪ ಹಿಡಿದ ಹುಡುಗ ಗೋಡೆ ಕಟ್ಟಿ ನಿಂತಿದ್ದರು. ಹಿಂದಿನ ಸಾಲಿನಿಂದ ಎಳೆದೆ. ವಿಡಿಯೋದವನ ಬೆನ್ನಿನ ಬೆವರು, ಕಾಲರಿನ ಹೊಲಿಗೆ ಬಿಟ್ಟ ದಾರ, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಪೆನ್ನು ಎಲ್ಲವೂ ನಿಚ್ಚಳವಾಗಿ ಬಂದವು. ವಧೂವರರು ಬರಲಿಲ್ಲ. ಅದು ಲೆನ್ಸಿನ ತಪ್ಪಲ್ಲ.

ಚಾರ್ಜರ್ ಎರಡು ಡಬ್ಬಿಯಲ್ಲೂ ಇಲ್ಲ. 2020ರಲ್ಲಿ ಆಪಲ್ ಚಾರ್ಜರ್ ಕೊಡುವುದನ್ನು ನಿಲ್ಲಿಸಿದಾಗ ಸ್ಯಾಮ್‌ಸಂಗ್ ಲೇವಡಿ ಮಾಡಿ ಪೋಸ್ಟ್ ಹಾಕಿತ್ತು. ಮುಂದೆ ತಾನೂ ನಿಲ್ಲಿಸುವ ಹೊತ್ತಿಗೆ ಆ ಪೋಸ್ಟನ್ನು ಸದ್ದಿಲ್ಲದೆ ಅಳಿಸಿತು. ಹಿಂದೆ ಐಫೋನ್ ಇಟ್ಟುಕೊಂಡವರಿಗೆ ಒಂದು ಸುಖವಿತ್ತು, ಅವರ ಚಾರ್ಜರ್ ಮನೆಯಲ್ಲಿ ಬೇರೆ ಯಾರಿಗೂ ಉಪಯೋಗಕ್ಕೆ ಬರುತ್ತಿರಲಿಲ್ಲ. 15ರಿಂದ ಅದೂ ಎಲ್ಲರಂತೆ ಟೈಪ್-ಸಿ ಆಗಿ ಆ ಸುಖವೂ ಹೋಯಿತು.

ನನ್ನ ಮನಸ್ಸು ವಾಲಿದ್ದು ಕಾಲ್ ರೆಕಾರ್ಡಿಂಗಿಗೆ. ಗ್ಯಾಲಕ್ಸಿ ಸುಮ್ಮನೆ ರೆಕಾರ್ಡ್ ಮಾಡಿಕೊಳ್ಳುತ್ತದೆ. ಐಫೋನಿಗೆ 2024ರಲ್ಲಿ ಆ ಸೌಲಭ್ಯ ಬಂದರೂ, ಶುರುವಿನಲ್ಲೇ ಇಬ್ಬರಿಗೂ ಕೇಳುವಂತೆ ಡಂಗುರ ಸಾರುತ್ತದೆ. ಕೊತ್ತಂಬರಿ ಸೊಪ್ಪು ಹೇಳಿದ್ದೋ ಬೀಜ ಹೇಳಿದ್ದೋ ಎಂಬ ನಮ್ಮ ಮನೆಯ ವ್ಯಾಜ್ಯಗಳಿಗೆ ಸಾಕ್ಷಿ ಸಿಕ್ಕಿತಲ್ಲ ಎಂದು ಹಿಗ್ಗಿದೆ. ಒಳಗಿನಿಂದ ದನಿ ಬಂತು: "ರೆಕಾರ್ಡು ಕೇಳಿಸಿದ ದಿನ ಊಟ ಕೇಳ್ಬೇಡಿ."

ಬಂದವಳು ಕೈ ಒರೆಸಿಕೊಳ್ಳುತ್ತ ಹುಡುಗನನ್ನು ಕೇಳಿದಳು: "ಇವೆಲ್ಲ ಎಲ್ಲಿ ಮಾಡ್ತಾರೋ?"

"ಗ್ಯಾಲಕ್ಸಿ ನೋಯ್ಡಾದಲ್ಲಿ, ಚಿಕ್ಕಮ್ಮ. ಐಫೋನು..." ಅವನು ನನ್ನ ಮುಖ ನೋಡಿದ. ಸುಳ್ಳು ಹೇಳಲು ಬರದ ಹುಡುಗ. "ಐಫೋನು ನರಸಾಪುರದಲ್ಲೂ ಆಗುತ್ತೆ. ವಿಸ್ಟ್ರಾನ್ ಫ್ಯಾಕ್ಟರಿ ಇತ್ತಲ್ಲ, 2023ರಲ್ಲಿ ಟಾಟಾದವರು ತಗೊಂಡ್ರು, ಅದರಲ್ಲಿ."

"ಯಾವ ನರಸಾಪುರ? ನಮ್ಮ ಕೋಲಾರದ್ದಾ?"

ಏಳು ವರ್ಷದ ಅಪ್‌ಡೇಟು, ಮೂರು ಪಟ್ಟಿನ ಲೆನ್ಸು, 256 ಜಿಬಿ ಎಲ್ಲ ಅಲ್ಲಿಗೆ ಮುಗಿಯಿತು. "ನಮ್ಮೂರ ಕಡೆ ಹೆಣ್ಣುಮಕ್ಕಳು ಮಾಡಿರೋ ಫೋನು ಬಿಟ್ಟು ನೋಯ್ಡಾದ್ದು ತರ್ತೀರಾ?" ಎಂಬ ಪ್ರಶ್ನೆಗೆ ಯಾವ ಕಂಪನಿಯ ಬಳಿಯೂ ಉತ್ತರವಿಲ್ಲ.

ಓದುಗರೇ, ನಿಷ್ಪಕ್ಷಪಾತವಾಗಿ ಹೇಳುತ್ತೇನೆ, ಕೊಟ್ಟ ದುಡ್ಡಿಗೆ ಗ್ಯಾಲಕ್ಸಿಯೇ ವಾಸಿ. ನಿಮ್ಮ ಹೆಂಡತಿಯ ತವರು ಕೋಲಾರವಲ್ಲದಿದ್ದರೆ ಧಾರಾಳವಾಗಿ ಅದನ್ನೇ ತೆಗೆದುಕೊಳ್ಳಿ.