ಊರಿನ ಹೆಸರು ಮೊದಲು ಹೇಳಲಿ

ಅಕ್ಕಾ, ರೊಟ್ಟಿ ಆದ್ವೇನ್ರಿ? ಜರಾ ಬೇಲಿ ಕಡಿ ಬರ್ರಿ. ನಿಮ್ಮ ಸಣ್ಣಾಂವ ಬೆಂಗಳೂರಾಗ ಜಪಾನಿ ಭಾಷಾ ಕಲೀಲಿಕ್ಕ ಹೆಸರು ಹಚ್ಚ್ಯಾನಂತ ಕೇಳಿ ಭಾಳ ಖುಷಿ ಆತು. ಮೊದಲ್ನೇ ದಿನ ಎದ್ದು ನಿಂತು ತನ್ನ ಪರಿಚಯ ಹೇಳಬೇಕಂತ ಅಂಜ್ಯಾನ ಅಂದ್ರಲ್ಲ, ಅದಕ್ಕೇ ಕರದೆ.

ಅಂಜೂದು ಯಾಕ್ರಿ? ಆ ಪರಿಚಯಕ್ಕ ಜಪಾನಿನವರಲ್ಲಿ ಕಟ್ಟಿಟ್ಟ ಕ್ರಮ ಅದ, ಜಿಕೊ ಶೋಕಾಯ್ ಅಂತಾರ. ಮೊದಲು 'ಹಾಜಿಮೆಮಾಶ್ತೆ', ಆಮ್ಯಾಲ ಹೆಸರು, ಊರು, ಕಡೀಕ 'ಯೊರೋಶಿಕು ಒನೆಗಾಯ್ ಶಿಮಾಸ್'. ಅದಾದ ಮ್ಯಾಲ ನಮಸ್ಕಾರ. ಕೈ ಮುಗಿಯೂದಿಲ್ಲ, ಗಂಡುಡುಗರು ಎರಡೂ ಕೈ ತೊಡಿ ಬಾಜೂಕ ಹಚ್ಚಿ, ಬೆನ್ನು ನೆಟ್ಟಗಿಟ್ಟು ನಡದಿಂದ ಬಗ್ಗಬೇಕು. ಮಾತು ಪೂರಾ ಮುಗಿಸಿ ಬಗ್ಗಿದ್ರ ಚಂದ. ಬಗ್ಗಿಕೋತ ಮಾತಾಡಿದ್ರ ದನಿ ಯಾರಿಗೂ ಮುಟ್ಟೂದಿಲ್ಲ. ಮತ್ತ ತನ್ನ ಹೆಸರಿಗೆ ತಾನೇ 'ಸಾನ್' ಹಚ್ಚಬಾರದು, ಅದು ಬ್ಯಾರೆಯವರಿಗೆ ಕೊಡೂ ಮರ್ಯಾದಿ.

ಜಪಾನಿನ ಸಾಲಿಯೊಳಗ ಹೊಸಾ ಹುಡುಗ ಬಂದ್ರ ಬೋರ್ಡಿನ ಮುಂದ ನಿಂದರಸ್ತಾರ, ಹೆಸರು ಖಡುಲೆ ದೊಡ್ಡದಾಗಿ ಬರೀತಾರ. ಹೊರದೇಶದವರ ಹೆಸರಾದ್ರ ಕಟಕಾನ ಲಿಪಿ. ಅದರಾಗ ಲ, ರ ಎರಡಕ್ಕೂ ಒಂದೇ ಸಾಲು ಅಕ್ಷರ. ಕಡೀಕ 'ನ್' ಒಂದು ಬಿಟ್ಟು ಬ್ಯಾರೆ ವ್ಯಂಜನದ ಮ್ಯಾಲ ಶಬ್ದ ನಿಲ್ಲೂದಿಲ್ಲ. ಹಿಂಗಾಗಿ ಅಡ್ಡಹೆಸರು ರಾಠೋಡ್ ಹೋಗಿ ರಾತೋಡೊ, ನಮ್ಮೂರು ಕುಂಚಾವರಂ ಹೋಗಿ ಕುಂಚಾವರಾಮು. ಆಗಲಿ ಬಿಡ್ರಿ, ನಮ್ಮೂರ ಹೆಸರು ಅವರ ಲಿಪಿಯೊಳಗ ಬಂತಲ್ಲ!

ನನ್ನ ಮನಸಿನಾಗಿನ ಮಾತು ಇಲ್ಲೇ ಅದ ಅಕ್ಕಾ. ನಮ್ಮ ಕಡಿ ಹುಡುಗರು ಹೊರಗ ಹೋದ್ರ 'ಹೈದರಾಬಾದ್ ಬಾಜೂಕ' ಅಂತಾರ, ಇಲ್ಲಾ 'ಗುಲಬರ್ಗಾ' ಅಂದು ಮುಗಸ್ತಾರ. ಯಾಕ ಹಂಗ ಅನಬೇಕು? 'ಕುಂಚಾವರಾಮು ಕರಾ ಕಿಮಾಶ್ತಾ' ಅನ್ನಲಿ. ಕುಂಚಾವರಂದಿಂದ ಬಂದೀನಿ ಅಂತ ನಾವು ಅನ್ನೂದೂ ಅದೇ ಸಾಲಿನಾಗ, ಕ್ರಿಯಾಪದ ಕಡೀಕ. ಇಂಗ್ಲಿಷಿಗಿಂತ ನಮ್ಮ ಮಕ್ಕಳಿಗೆ ಇದು ಹಗೂರ ಆಗ್ತದ. ತಾಂಡಾದಾಗ ಲಂಬಾಣಿ, ಸಂತಿಯೊಳಗ ತೆಲುಗು, ಸಾಲಿಯೊಳಗ ಕನ್ನಡ ಆಡಿ ಬೆಳದ ಹುಡುಗ್ಗ ಮತ್ತೊಂದು ಭಾಷಾ ಏನು ಭಾರ?

ಎಲ್ಲಿ ಅದ ಆ ಊರು ಅಂತ ಕೇಳೇ ಕೇಳ್ತಾರ. ಚಿಂಚೋಳಿ ತಾಲೂಕಿನ ಅಡವಿ ಊರು, ತೆಲಂಗಾಣದ ಗಡಿ ಅನ್ನಲಿ. ತೊಗರಿ ಹೊಲದ ಜಿಲ್ಲಾದಾಗ ಇಂಥ ಅಡವಿ ಅದ ಅಂದ್ರ ನಮ್ಮ ರಾಜ್ಯದವರೇ ನಂಬೂದಿಲ್ಲ. 2011ರಾಗ ಸರಕಾರ ಅದನ್ನ ವನ್ಯಜೀವಿ ಧಾಮ ಅಂತ ಸಾರಿತು, 134.88 ಚದರ ಕಿಲೋಮೀಟರ್. ಚಂದ್ರಂಪಳ್ಳಿ ಡ್ಯಾಮಿನ ನೀರು ಅದ, ಎತ್ತಿಪೋತ ಜಲಪಾತ ಅದ. ಹೇಳಲಿಕ್ಕ ಇಷ್ಟು ಇರೂವಾಗ ಬ್ಯಾರೆ ಊರಿನ ಹೆಸರು ಹಿಂದ ಅಡಗೂದು ಬ್ಯಾಡ.

ಕೆಲಸದ ಮಾತೂ ಅದ. 2021ರ ಜನವರಿಯೊಳಗ ಭಾರತ-ಜಪಾನ್ ಒಪ್ಪಂದ ಆಗ್ಯಾದ. ಭಾಷಾ ಪರೀಕ್ಷಾ ಮತ್ತ ಕೌಶಲ ಪರೀಕ್ಷಾ ಪಾಸಾದವರಿಗೆ ಒಕ್ಕಲುತನ, ಕಟ್ಟಡ, ವಯಸ್ಸಾದವರ ಆರೈಕಿಯಂಥ ಕೆಲಸಕ್ಕ ಅಲ್ಲಿ ದಾರಿ ಅದ. ಆ ಕೆಲಸದ ಸಂದರ್ಶನದಾಗೂ ಮೊದಲು ಕೇಳೂದು ಇದೇ ಪರಿಚಯ.

ಇವತ್ತ ಸಂಜೀಕ ಫೋನ್ ಹಚ್ಚಿದಾಗ ಹೇಳ್ರಿ ಅಕ್ಕಾ: ದನಿ ಎತ್ತಿ ಹೇಳು, ಊರಿನ ಹೆಸರು ಮೊದಲು ಹೇಳು, ರಾಜ್ಯ ದೇಶ ಆಮ್ಯಾಲ.