ದ್ರಾಕ್ಷಾರಸಜ್ಞ

ಮಧ್ಯ ರೈಲ್ವೆಯ ಹಳಿಗಳು ಊರನ್ನು ಪೂರ್ವ ಪಶ್ಚಿಮವೆಂದು ಸೀಳಿಕೊಂಡು ಹೋಗುವ, ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನೆಲೆಸಿರುವ ಕನ್ನಡಿಗರೊಳಗೆ ಯಕ್ಷಗಾನದ ಹುಚ್ಚಿನವರು, ಸಂಘದ ಚುನಾವಣೆಯ ಹುಚ್ಚಿನವರು, ಊರಿನಲ್ಲಿ ಯಾರೂ ವಾಸಿಸದ ಮನೆಯನ್ನು ಕಟ್ಟಿಸುವ ಹುಚ್ಚಿನವರು ಎಂಬ ಪರಿಚಿತ ವರ್ಗಗಳ ಜೊತೆಗೆ ಇತ್ತೀಚೆಗೆ ಇನ್ನೊಂದು ಪ್ರಭೇದವೂ ತಲೆಯೆತ್ತಿದ್ದು, ಹಂಗೇರಿ ದೇಶದ ಸಿಹಿ ದ್ರಾಕ್ಷಾರಸದಲ್ಲಿ ತಜ್ಞನಾಗಿರುವುದು ಇದರ ಮುಖ್ಯ ಲಕ್ಷಣವಾಗಿದೆ. ಇವನನ್ನು ಕುಡುಕನೆಂದು ತಿಳಿದರೆ ದೊಡ್ಡ ಅನ್ಯಾಯವಾದೀತು. ವರ್ಷವಿಡೀ ಇವನ ಗಂಟಲಿನಲ್ಲಿ ಇಳಿಯುವ ಮದ್ಯವು ಒಂದು ಕೆಮ್ಮಿನ ಔಷಧದ ಶೀಶೆಯನ್ನೂ ತುಂಬಲಾರದು, ಆದರೆ ಅದೇ ಗಂಟಲಿನಿಂದ ಹೊರಬರುವ ಮದ್ಯಶಾಸ್ತ್ರವನ್ನು ಪೀಪಾಯಿಗಳಲ್ಲಿಯೇ ಅಳೆಯಬೇಕು. ದ್ರಾಕ್ಷಾರಸವನ್ನು ಬಲ್ಲವನು ಮತ್ತು ತಾನೇ ರಸಜ್ಞನೆಂದು ನಂಬಿದವನು ಎಂಬ ಎರಡೂ ಅರ್ಥಗಳು ಕೂಡಿಬರುವಂತೆ ಇವನನ್ನು ದ್ರಾಕ್ಷಾರಸಜ್ಞನೆಂದು ಕರೆಯುವುದು ಯುಕ್ತ.

ಇವನ ಉಗಮವನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ವಿಜಯಪುರದ ಕಡೆಯಿಂದ ಬ್ಯಾಂಕಿನ ನೌಕರಿಗೆ ಬಂದು, ಮೂವತ್ತು ಮೂವತ್ತೈದು ವರ್ಷ ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಮೂವರ ಬೆಂಚಿನ ನಾಲ್ಕನೆಯ ಸೀಟಿಗೆ ಅರ್ಧ ದೇಹವನ್ನು ಆನಿಸಿ ಪ್ರಯಾಣಿಸಿದ ಈತನ ಮಗನೋ ಮಗಳೋ ಸಾಫ್ಟ್‌ವೇರ್ ಕೆಲಸಕ್ಕಾಗಿ ಬುಡಾಪೆಸ್ಟಿಗೆ ಹೋಗಿರುತ್ತಾರೆ. ಟಿಸಿಎಸ್ ಆ ನಗರದಲ್ಲಿ ಕೇಂದ್ರ ತೆರೆದದ್ದು 2001ರಲ್ಲಿ ಎಂಬುದನ್ನು ನೆನೆದರೆ, ಡೊಂಬಿವಲಿಯ ಮನೆಗಳಿಗೂ ಹಂಗೇರಿಗೂ ನಂಟು ಬೆಳೆದದ್ದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಮಕ್ಕಳನ್ನು ನೋಡಲು ಹೋದ ತಂದೆ ಎರಡು ವಾರ ಚಳಿಯಲ್ಲಿ ನಡುಗಿ, ಒಂದು ದಿನ ಪ್ರವಾಸದ ಬಸ್ಸಿನಲ್ಲಿ ಒಂದು ನೆಲಮಾಳಿಗೆಗೆ ಇಳಿದು, ಗೋಡೆಗಳ ಮೇಲೆ ಕರಿ ಕಂಬಳಿಯಂತೆ ಬೆಳೆದ ಬೂಷ್ಟನ್ನು ಮುಟ್ಟಿ, ಮೂರು ಗುಟುಕು ರುಚಿ ನೋಡಿ ಮೇಲೆ ಹತ್ತುವಾಗ ಬೇರೆಯೇ ಮನುಷ್ಯನಾಗಿರುತ್ತಾನೆ.

ತಜ್ಞತೆಯ ಮೊದಲ ಪ್ರದರ್ಶನ ಉಚ್ಚಾರಣೆಯಲ್ಲಿ ನಡೆಯುತ್ತದೆ. ಹಂಗೇರಿಯ ಈಶಾನ್ಯದಲ್ಲಿ, ಜೆಂಪ್ಲೇನ್ ಬೆಟ್ಟಗಳ ಬುಡದಲ್ಲಿರುವ ಊರಿನ ಹೆಸರು ತೊಕಾಯ್. ಆ ಭಾಷೆಯಲ್ಲಿ ಊರ ಹೆಸರಿಗೆ ಇಕಾರ ಹಚ್ಚಿದರೆ ಆ ಊರಿನದು ಎಂದು ಅರ್ಥವಾಗುವುದರಿಂದ ಅಲ್ಲಿಯ ಮದ್ಯ ತೊಕಾಯಿ. ಆದರೆ ಬಾಟಲಿಯ ಮೇಲಿನ ರೋಮನ್ ಅಕ್ಷರಗಳನ್ನು ನಮ್ಮವರು ತೋಕಾಜಿ ಎಂದೇ ಓದುತ್ತಾರಾದ್ದರಿಂದ, ತುಕೋಜಿ ತಾನಾಜಿಯರ ಹೆಸರುಗಳ ನಡುವೆ ಬೆಳೆದ ಮರಾಠಿ ನೆರೆಮನೆಯವರು ಇದು ಯಾವ ಸರದಾರನ ಹೆಸರೆಂದು ವಿನಯದಿಂದ ವಿಚಾರಿಸುತ್ತಾರೆ. ಅದನ್ನು ತಿದ್ದಿ ತೊಕಾಯಿ ಎಂದು ಸರಿಪಡಿಸಿದರೆ ಕನ್ನಡದ ಕಿವಿಗೆ ಅದು ಬದನೆಕಾಯಿ, ಹೀರೆಕಾಯಿಗಳ ಪಂಕ್ತಿಗೆ ಹೋಗಿ ಕೂರುತ್ತದೆ. ಮರಾಠಿಯಲ್ಲಿ ಸರದಾರನೂ ಕನ್ನಡದಲ್ಲಿ ತರಕಾರಿಯೂ ಆಗಿಬಿಡುವ ಈ ಸಂಕಟದ ನಡುವೆ, "ಅಲ್ರೀ, ಇದರದ್ದು ಹುಳೀ ಮಾಡೂದೋ ಪಲ್ಯಾ ಮಾಡೂದೋ?" ಎಂದು ಅಡುಗೆಮನೆಯಿಂದ ಬರುವ ಪ್ರಶ್ನೆಗೆ ತಜ್ಞನು ಉತ್ತರ ಕೊಡುವ ಪದ್ಧತಿಯಿಲ್ಲ.

ತೊಕಾಯಿಯೊಳಗೆ ಅತ್ಯಂತ ಪ್ರಸಿದ್ಧವಾದದ್ದು ಅಸೂ ಎಂಬ ಬಗೆ. ಬೊದ್ರೋಗ್ ಎಂಬ ಸಣ್ಣ ನದಿಯು ತಿಸಾ ಎಂಬ ದೊಡ್ಡ ನದಿಯನ್ನು ತೊಕಾಯ್‌ನಲ್ಲಿ ಕೂಡುವುದರಿಂದ ಶರತ್ಕಾಲದ ಮುಂಜಾವುಗಳಲ್ಲಿ ತೋಟಗಳ ಮೇಲೆ ಮಂಜು ಕವಿಯುತ್ತದೆ, ಮಧ್ಯಾಹ್ನ ಬಿಸಿಲು ಬಂದು ಒಣಗಿಸುತ್ತದೆ. ಈ ಒದ್ದೆ ಒಣಗುಗಳ ಸರದಿಯಲ್ಲಿ ಬೊಟ್ರೈಟಿಸ್ ಎಂಬ ಶಿಲೀಂಧ್ರವು ಹಣ್ಣಿನ ಸಿಪ್ಪೆಯನ್ನು ಸೂಕ್ಷ್ಮವಾಗಿ ತೂತು ಮಾಡಲು, ಒಳಗಿನ ನೀರು ಆರಿ, ಸಕ್ಕರೆಯೂ ಹುಳಿಯೂ ಒಟ್ಟೊಟ್ಟಿಗೆ ಗಟ್ಟಿಯಾಗಿ, ಫುರ್ಮಿಂಟ್, ಹಾರ್ಶ್‌ಲೆವೆಲ್ಯೂ ಮುಂತಾದ ತಳಿಗಳ ಹಣ್ಣುಗಳು ಗೊಂಚಲಿನಲ್ಲಿಯೇ ಮುದುಡಿ ಒಣದ್ರಾಕ್ಷಿಯಂತಾಗುತ್ತವೆ. ಅವನ್ನು ಒಂದೊಂದಾಗಿ ಕೈಯಿಂದ ಆರಿಸಬೇಕು. ಒಂದು ಐತಿಹ್ಯದ ಪ್ರಕಾರ, ಸುಮಾರು 1630ರಲ್ಲಿ ತುರ್ಕರ ದಾಳಿಯ ಭಯದಿಂದ ಕೊಯ್ಲು ತಡವಾಗಿ, ಲಾಟ್ಸ್‌ಕೋ ಮಾತೆ ಎಂಬ ಪಾದ್ರಿಯು ಕೆಟ್ಟುಹೋದ ಹಣ್ಣಿನಿಂದಲೇ ಮದ್ಯವನ್ನು ತೆಗೆದನಂತೆ. ಅಸೂ ಎಂಬ ಮಾತು 1571ರಷ್ಟು ಹಿಂದಿನ ದಾಖಲೆಯಲ್ಲಿಯೇ ದೊರೆಯುವುದರಿಂದ ಕಥೆ ನಿಲ್ಲುವುದಿಲ್ಲವಾದರೂ ತಜ್ಞನು ಅದನ್ನು ಬಿಡಲಾರ. ತಡವಾಗುವುದರಿಂದ ಅಮೃತ ಹುಟ್ಟಿತು ಎಂಬ ವಿಚಾರ ಭಾನುವಾರದ ಹಳಿ ದುರಸ್ತಿಯ ಮೆಗಾ ಬ್ಲಾಕಿನಲ್ಲಿ ಠಾಕುರ್ಲಿಯ ಬಳಿ ನಿಂತ ರೈಲಿನೊಳಗೆ ಬೆವರುತ್ತಿರುವವನಿಗೆ ಸಮಾಧಾನ ಕೊಡುವಂಥದ್ದೇ ಸರಿ.

ಈ ಕೊಳೆಯ ಮಹಿಮೆಯನ್ನು ಸಹಪ್ರಯಾಣಿಕರು ಮರಾಠಿಯ ಜಾಂಬೂಳು, ಕನ್ನಡದ ನೇರಳೆ ಒಂದೇ ಎಂಬುದನ್ನು ಕೇಳಿದಷ್ಟೇ ಸಹನೆಯಿಂದ ಕೇಳಿಸಿಕೊಳ್ಳುತ್ತಾರೆ. ಸಹನೆ ಮುಗಿಯುವುದು ತಿಕೋಟಾ ಕಡೆಯ ಬಾಲ್ಯಸ್ನೇಹಿತನೊಬ್ಬ ವಾಶಿಯ ಮಾರುಕಟ್ಟೆಗೆ ಮನುಕಾದ ವ್ಯವಹಾರಕ್ಕೆಂದು ಬಂದು ಮನೆಯಲ್ಲಿ ಉಳಿದಾಗ. ಮನುಕಾ ಎಂದರೆ ಒಣದ್ರಾಕ್ಷಿ. ವಿಜಯಪುರ ಜಿಲ್ಲೆ ಅದಕ್ಕೆ ಹೆಸರಾದದ್ದು. ಬಳ್ಳಿಗೆ ರಾತ್ರಿ ಹಗಲು ಔಷಧ ಹೊಡೆದು, ಮೋಡ ಕಂಡರೆ ನಿದ್ದೆಗೆಟ್ಟು, ಹಣ್ಣನ್ನು ನೆರಳಿನ ಶೆಡ್ಡಿನಲ್ಲಿ ಹರಡಿ ಒಣಗಿಸುವ ಆ ಗೃಹಸ್ಥನು ತಜ್ಞನ ವಿವರಣೆಯನ್ನು ಕೊನೆಯವರೆಗೂ ಕೇಳಿ, ಬಾಯೊಳಗಿನ ಎಲೆ ಅಡಿಕೆಯನ್ನು ಒಂದು ಕಡೆಗೆ ಸರಿಸಿ, "ಅಲ್ಲೋ ಮಾರಾಯಾ, ನಮ್ಮ ತ್ವಾಟದಾಗ ಒಂದು ಗೊನಿಗೆ ಬೂಷ್ಟ ಹತ್ತಿದ್ರ ವರ್ಷದ ಪೀಕೆಲ್ಲಾ ಹೋತಂತ ಎದಿ ಬಡಕೋತೀವಿ, ಅವ್ರು ಬೂಷ್ಟ ಯಾವಾಗ ಹತ್ತೀತಂತ ಕಾಯ್ಕೋತ ಕುಂಡ್ರತಾರೇನು? ಅವರಿಗೆ ಸೊಸೈಟಿ ಸಾಲ ಇಲ್ಲೇನು?" ಎಂದು ಕೇಳುತ್ತಾನೆ. ಪ್ರಶ್ನೆ ನ್ಯಾಯವಾದದ್ದು, ಇದೇ ಶಿಲೀಂಧ್ರ ಒದ್ದೆ ಹವೆಯಲ್ಲಿ ಬಿಸಿಲು ಕಾಣದೆ ಬೆಳೆದರೆ ಹಂಗೇರಿಯಲ್ಲಿಯೂ ಬೆಳೆ ನಾಶವೇ. ಉದಾತ್ತ ಕೊಳೆ, ನೀಚ ಕೊಳೆ ಎಂಬ ಭೇದವನ್ನು ತಜ್ಞನು ವಿವರಿಸುತ್ತಿರುವಾಗ ಸ್ನೇಹಿತನಿಗೆ ಗೊರಕೆ ಬಂದಿರುತ್ತದೆ.

ಶಾಸ್ತ್ರವು ತನ್ನ ತುತ್ತತುದಿಯನ್ನು ಮುಟ್ಟುವುದು ಬುಟ್ಟಿಯ ಪ್ರಕರಣದಲ್ಲಿ. ಆರಿಸಿದ ಅಸೂ ಹಣ್ಣನ್ನು ಬೆನ್ನಿಗೆ ಹೊರುವ, ಸುಮಾರು 25 ಕಿಲೋ ಹಿಡಿಯುವ ಬುಟ್ಟಿಗೆ ಹಂಗೇರಿಯಲ್ಲಿ ಪುಟ್ಟೋನ್ಯ್ ಎಂದು ಹೆಸರು. 136 ಲೀಟರಿನ ಗೊಂತ್ಸಿ ಪೀಪಾಯಿಯಷ್ಟು ರಸಕ್ಕೆ ಎಷ್ಟು ಬುಟ್ಟಿ ಹಣ್ಣು ಕಲಸಿದರೆಂಬ ಲೆಕ್ಕವೇ ಮೂರು ಪುಟ್ಟೋನ್ಯ್, ಐದು ಪುಟ್ಟೋನ್ಯ್, ಆರು ಪುಟ್ಟೋನ್ಯ್ ಎಂದು ಲೇಬಲಿನ ಮೇಲೆ ಏರುತ್ತಿತ್ತು. ಉತ್ತರ ಕರ್ನಾಟಕದ ಪುಟ್ಟಿ, ದಕ್ಷಿಣದ ಬುಟ್ಟಿ, ಹಂಗೇರಿಯ ಪುಟ್ಟೋನ್ಯ್ ಮೂರೂ ಒಂದೇ ಎಂದು ಕಂಡುಹಿಡಿದ ದಿನ ತಜ್ಞನಿಗೆ ನಿದ್ದೆ ಬರುವುದಿಲ್ಲ. ಕಾಲ್ಡ್‌ವೆಲ್ ಪಾದ್ರಿಯು 1856ರ ತನ್ನ ವ್ಯಾಕರಣದಲ್ಲಿ ದ್ರಾವಿಡ ಭಾಷೆಗಳನ್ನು ಸಿಥಿಯನ್ ಎಂದು ಅವನು ಕರೆದ ಗುಂಪಿನ ಹತ್ತಿರ ಕೂರಿಸಿದ್ದನೆಂಬುದೂ, ಹಂಗೇರಿಯನ್ ಭಾಷೆ ಕನ್ನಡದಂತೆಯೇ ಪದಕ್ಕೆ ಪ್ರತ್ಯಯಗಳನ್ನು ಪೋಣಿಸುತ್ತ ಹೋಗುತ್ತದೆಂಬುದೂ ಅವನ ವಾದಕ್ಕೆ ಬೆಂಬಲವಾಗಿ ಬರುತ್ತವೆ. ಪುಟ್ಟೋನ್ಯ್ ಎಂಬ ಪದ ಜರ್ಮನ್ ಕಡೆಯಿಂದ ಬಂದದ್ದೆಂದು ಭಾಷಾವಿದರು ಹೇಳುತ್ತಾರಾದರೂ, ಅವರು ಪುಟ್ಟಿ ಹೊತ್ತವರಲ್ಲ ಎಂಬುದು ತಜ್ಞನ ಪ್ರತ್ಯುತ್ತರ. ಸಂಘದ ಸ್ಮರಣಸಂಚಿಕೆಗೆ ಈ ಕುರಿತು ಅವನು ಬರೆದ ಲೇಖನವನ್ನು ಸಂಪಾದಕರು ಸ್ಥಳಾಭಾವದಿಂದ ಮುಂದಿನ ವರ್ಷಕ್ಕೆ ಕಾಯ್ದಿರಿಸುತ್ತಾರೆ, ಪ್ರತಿವರ್ಷವೂ.

ಕೊಳ್ಳುವ ಪ್ರಕರಣದಲ್ಲಿ ತಜ್ಞನ ಬ್ಯಾಂಕಿನ ಅನುಭವ ಹೊಳೆಯುತ್ತದೆ. ವಿದೇಶಿ ದ್ರಾಕ್ಷಾರಸಕ್ಕೆ ಭಾರತದಲ್ಲಿ ಬಹುಕಾಲ ಶೇಕಡಾ 150ರಷ್ಟು ಆಮದು ಸುಂಕವಿದ್ದು, ಅದರ ಮೇಲೆ ರಾಜ್ಯದ ಸುಂಕವೂ ಅಂಗಡಿಯ ಲಾಭವೂ ಕುಳಿತರೆ ಬೆಲೆ ಎಲ್ಲಿ ಮುಟ್ಟುವುದೆಂಬುದನ್ನು ಅವನು ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಬಲ್ಲ. ಆದಕಾರಣ ಖರೀದಿಯು ಮಕ್ಕಳ ಸೂಟ್‌ಕೇಸಿನ ಮೂಲಕವೇ ಆಗಬೇಕು. ಹೊರದೇಶದಿಂದ ಬರುವ ಪ್ರಯಾಣಿಕನು ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್. ತೊಕಾಯಿಯ ಬಾಟಲಿ ಸಾಮಾನ್ಯವಾಗಿ ಅರ್ಧ ಲೀಟರಿನದು. ಎಂದರೆ ತಲೆಗೆ ನಾಲ್ಕು ಬಾಟಲಿ, ಒಂದು ಹನಿ ಹೆಚ್ಚಿಲ್ಲ ಕಡಿಮೆಯಿಲ್ಲ. ಭಾರತದ ಕಸ್ಟಮ್ಸ್ ಕಾನೂನನ್ನು ಬರೆದವನು ಗುಟ್ಟಾಗಿ ತೊಕಾಯಿಭಕ್ತನಾಗಿದ್ದನೆಂದು ಅವನು ನಂಬಿರುವುದಕ್ಕೆ ಇದೇ ಆಧಾರ. ಮಗನಿಗೆ ವಾಟ್ಸಾಪಿನಲ್ಲಿ ಹೋಗುವ ಸೂಚನೆಗಳು ಮಾತ್ರ ನಿಜವಾಗಿಯೂ ಉಪಯುಕ್ತವಾದವು: 2013ರ ನಿಯಮದಿಂದ ಮೂರು, ನಾಲ್ಕು ಪುಟ್ಟೋನ್ಯ್‌ಗಳು ರದ್ದಾಗಿ ಅಸೂವಿನಲ್ಲಿ ಲೀಟರಿಗೆ ಕನಿಷ್ಠ 120 ಗ್ರಾಂ ಸಕ್ಕರೆ ಉಳಿದಿರಬೇಕೆಂದಾಗಿದೆ, ಆರು ಪುಟ್ಟೋನ್ಯ್ ಎಂದು ಬರೆಯಲು 150 ಗ್ರಾಂ ಬೇಕು, ಸಮೊರೊದ್ನಿ ಎಂದಿದ್ದರೆ ಒಣಗಿದ ಹಣ್ಣನ್ನು ಬೇರ್ಪಡಿಸದೆ ಗೊಂಚಲು ಗೊಂಚಲಾಗಿಯೇ ಹಿಂಡಿದ್ದೆಂದು ತಿಳಿಯಬೇಕು, ಮತ್ತು ಅದರಲ್ಲಿ ಸಿಹಿಯಿಲ್ಲದ್ದೂ ಇರುವುದರಿಂದ ಸಿಹಿ ಎಂಬರ್ಥದ ಏದೆಶ್ ಎನ್ನುವ ಪದವನ್ನು ನೋಡಿಯೇ ಕೊಳ್ಳಬೇಕು, ತಡವಾಗಿ ಕೊಯ್ದದ್ದು ಎಂದಷ್ಟೇ ಬರೆದ ಬಾಟಲಿ ಅಗ್ಗ, ಹಗುರ, ಕಲಿಯುವವರಿಗೆ ಒಳ್ಳೆಯದು. ಕಸಾರಾ ಘಾಟ್ ಹತ್ತಿದರೆ ಸಿಗುವ ನಾಸಿಕದಲ್ಲಿ ಸುಲಾ ಎಂಬ ದ್ರಾಕ್ಷಾರಸದ ಕಂಪನಿಯವರು ಶೆನಿನ್ ಬ್ಲಾಂಕ್ ಎಂಬ ತಳಿಯಿಂದ ಅದೇ ತಡಕೊಯ್ಲಿನ ಸಿಹಿ ಮದ್ಯ ತೆಗೆಯುತ್ತಾರಲ್ಲ ಎಂದು ಯಾರಾದರೂ ನೆನಪಿಸಿದರೆ, ತಜ್ಞನ ಮುಖವು ಧಾರವಾಡದ ಪೇಡೆಯ ಮುಂದೆ ಊರ ಬೇಕರಿಯ ಪೇಡೆಯನ್ನು ಇಟ್ಟಾಗ ಆಗುವಂತೆ ಆಗುತ್ತದೆ. ಸುಲಾದ ಮದ್ಯವನ್ನು ಅವನು ರುಚಿ ನೋಡಿರುವುದಿಲ್ಲ ಎಂಬುದು ಬೇರೆ ಮಾತು.

ರುಚಿ ನೋಡುವ ವಿಧಿ ಭಾನುವಾರ ಸಂಜೆಗೆ ಗೊತ್ತಾಗಿರುತ್ತದೆ. ತೊಕಾಯಿಯನ್ನು ಹತ್ತು ಹನ್ನೆರಡು ಡಿಗ್ರಿಯ ತಂಪಿನಲ್ಲಿ ಕೊಡಬೇಕು. ಡೊಂಬಿವಲಿಯ ಮೇ ತಿಂಗಳಿನಲ್ಲಿ ಆ ಉಷ್ಣತೆ ಇರುವ ಏಕೈಕ ಸ್ಥಳ ಫ್ರಿಜ್ಜಿನ ತರಕಾರಿಯ ಪೆಟ್ಟಿಗೆಯಾದ್ದರಿಂದ, ರಾಜರ ಮದ್ಯ, ಮದ್ಯಗಳ ರಾಜ ಎಂದು ಫ್ರಾನ್ಸಿನ ಲೂಯಿಗಳ ಆಸ್ಥಾನದಲ್ಲಿ ಬಿರುದು ಪಡೆದದ್ದೆಂದು ಹೇಳಲಾಗುವ, ಹಂಗೇರಿಯ ರಾಷ್ಟ್ರಗೀತೆಯಲ್ಲಿಯೇ ಸ್ಥಾನ ಪಡೆದ ಈ ದ್ರವವು ಮೆಂತ್ಯದ ಕಟ್ಟಿಗೂ ಅರ್ಧ ಕತ್ತರಿಸಿದ ಕುಂಬಳಕಾಯಿಗೂ ನಡುವೆ ಮಲಗಿರುತ್ತದೆ. ಬಾಟಲಿ ತೆರೆಯುವ ಮೊದಲು ಕಿಟಕಿಗಳೆಲ್ಲ ಮುಚ್ಚಬೇಕು. ಇದಕ್ಕೆ ಮರ್ಯಾದೆಯ ಪ್ರಶ್ನೆಯಷ್ಟೇ ಕಾರಣವಲ್ಲ. 2014ರಲ್ಲಿ ಹಸಿರು ಮಳೆಯನ್ನೂ 2020ರಲ್ಲಿ ಗುಲಾಬಿ ರಸ್ತೆಯನ್ನೂ ಕಂಡ ಊರಿನಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆಯಿಂದ ಗಾಳಿ ಬೀಸಿದಾಗ ಲೋಟಕ್ಕೆ ಮೂಗು ಹಾಕಿದವನಿಗೆ ಜರ್ದಾಳು, ಕಿತ್ತಳೆ ಸಿಪ್ಪೆ, ಜೇನು ಎಂಬ ಶಾಸ್ತ್ರೋಕ್ತ ಪರಿಮಳಗಳ ಬದಲು ಯಾವುದೋ ಬಣ್ಣದ ಕಾರ್ಖಾನೆಯ ಪರಿಮಳ ಬಂದೀತು.

ಅತಿಥಿಗಳು ತಟ್ಟೆಯಲ್ಲಿ ಪೇಡೆಯನ್ನು ನಿರೀಕ್ಷಿಸಿದರೆ ಚಕ್ಕುಲಿ ಬರುತ್ತದೆ, ಏಕೆಂದರೆ ಮದ್ಯಕ್ಕಿಂತ ಸಿಹಿಯಾದ ತಿನಿಸು ಮದ್ಯವನ್ನು ಸಪ್ಪೆಗೊಳಿಸುತ್ತದೆಂಬ ನಿಯಮವು ಯುರೋಪಿನಲ್ಲಿ ಹೇಗೋ ಡೊಂಬಿವಲಿಯಲ್ಲಿಯೂ ಹಾಗೆಯೇ. ಅಲ್ಲಿ ನೀಲಿ ಬೂಷ್ಟಿನ ಉಪ್ಪು ಚೀಸು, ಇಲ್ಲಿ ಚಕ್ಕುಲಿ. ಒಬ್ಬೊಬ್ಬರಿಗೆ ಸುಮಾರು 50 ಮಿಲಿ ಲೀಟರ್ ಹನಿಯುತ್ತದೆ. ಆರು ಪುಟ್ಟೋನ್ಯ್ ಆದರೆ ಅಷ್ಟರಲ್ಲಿ ಕನಿಷ್ಠ ಏಳೂವರೆ ಗ್ರಾಂ ಸಕ್ಕರೆ ಇರುವುದರಿಂದ, ಮಧುಮೇಹಿಯಾದ ತಜ್ಞನು ತನ್ನ ಪಾಲನ್ನು ತುಟಿಗೆ ತಗುಲಿಸಿ ಉಳಿದದ್ದನ್ನು ಮಾತಿನಲ್ಲಿ ಕುಡಿಯುತ್ತಾನೆ. ಹುಳಿಯೇ ಇದರ ಬೆನ್ನೆಲುಬು, ಹುಳಿಯಿಲ್ಲದಿದ್ದರೆ ಇದು ಪಾಕ, ಹುಳಿಯಿರುವುದರಿಂದ ಕಾವ್ಯ ಎಂದು ಆರಂಭವಾಗುವ ವ್ಯಾಖ್ಯಾನವು ಕಾವ್ಯಮೀಮಾಂಸಕರ ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕಗಳನ್ನು, ಅಂದರೆ ತಿಂದೊಡನೆ ರಸ ಬಿಡುವ, ಸುಲಿದರೆ ಸಿಗುವ, ಒಡೆದರೆ ಮಾತ್ರ ದಕ್ಕುವ ಶೈಲಿಗಳನ್ನು ಹಾದು, ಎಸೆಂಸಿಯಾದಲ್ಲಿ ಮುಕ್ತಾಯವಾಗುತ್ತದೆ. ಎಸೆಂಸಿಯಾ ಎಂದರೆ ರಾಶಿ ಹಾಕಿದ ಅಸೂ ಹಣ್ಣಿನ ಭಾರಕ್ಕೆ ತಾನಾಗಿಯೇ ತೊಟ್ಟಿಕ್ಕಿದ ರಸ. ಲೀಟರಿಗೆ ಕನಿಷ್ಠ 450 ಗ್ರಾಂ ಸಕ್ಕರೆಯಿರುವ ಆ ರಸ ವರ್ಷಗಟ್ಟಲೆ ಹುದುಗಿದರೂ ಅದರಲ್ಲಿ ಮದ್ಯಸಾರ ನಾಲ್ಕೈದು ಶೇಕಡಾ ದಾಟುವುದು ಅಪರೂಪ, ಮತ್ತು ಅದನ್ನು ಲೋಟದಲ್ಲಲ್ಲ, ಚಮಚದಲ್ಲಿ ಕೊಡುವುದು ವಾಡಿಕೆ. ಉದ್ಧರಣೆಯಲ್ಲಿ ತೀರ್ಥ ಕೊಟ್ಟಂತೆ ಎಂದು ತಜ್ಞನು ಕಣ್ಣು ಮುಚ್ಚಿ ಅಂಗೈ ಚಾಚಿ ತೋರಿಸುವ ಹೊತ್ತಿಗೆ ಅತಿಥಿಗಳು ಚಕ್ಕುಲಿಯನ್ನು ಮುಗಿಸಿರುತ್ತಾರೆ.

ಉಳಿದ ಬಾಟಲಿಗೆ ಬಿರಡೆ ಒತ್ತಿ ಫ್ರಿಜ್ಜಿನ ಬಾಗಿಲಲ್ಲಿ ನಿಲ್ಲಿಸುತ್ತಾರೆ. ಸಕ್ಕರೆಯೂ ಹುಳಿಯೂ ಕಾಯುವುದರಿಂದ ತೆರೆದ ತೊಕಾಯಿ ವಾರಗಟ್ಟಲೆ ಕೆಡುವುದಿಲ್ಲ. ಅಲ್ಲಿ ಅದರ ಪಕ್ಕದಲ್ಲಿ, ಸುಮಾರು ಅದೇ ಗಾತ್ರದ, ಸುಮಾರು ಅದೇ ಬಣ್ಣದ ಇನ್ನೊಂದು ಬಾಟಲಿ ಇರುತ್ತದೆ, ಮನೆಯ ಹಿರಿಯ ತಾಯಿಯ ದ್ರಾಕ್ಷಾಸವ. ದ್ರಾಕ್ಷಿಯನ್ನು ಹುದುಗಿಸಿ ತಾನಾಗಿ ಹುಟ್ಟಿದ ಮದ್ಯಸಾರವನ್ನು ಹಾಗೆಯೇ ಇರಗೊಡುವ ಈ ಆಯುರ್ವೇದದ ಔಷಧವನ್ನು ಊಟವಾದ ಮೇಲೆ ಸಮಪ್ರಮಾಣದ ನೀರು ಬೆರೆಸಿ ಸೇವಿಸುವುದು ರೂಢಿ. ಮಳೆಗಾಲ ಹಿಡಿದು ಕೆಮ್ಮು ಶುರುವಾದ ಕೆಲವು ವಾರಗಳಲ್ಲಿ ತೊಕಾಯಿಯ ಮಟ್ಟ ದಿನದಿಂದ ದಿನಕ್ಕೆ ಇಳಿಯತೊಡಗಿದಾಗ, ಪೀಪಾಯಿಯ ಮರದ ಮೂಲಕ ಆವಿಯಾಗಿ ಹೋಗುವ ಅಂಶವನ್ನು ಯುರೋಪಿನವರು ದೇವದೂತರ ಪಾಲು ಎನ್ನುತ್ತಾರೆಂದು ತಜ್ಞನು ಮನೆಯವರಿಗೆ ತಿಳಿಸಿಕೊಡುತ್ತಾನೆ. ಪಕ್ಕದ ದ್ರಾಕ್ಷಾಸವದ ಬಾಟಲಿಯ ಸೀಲು ಇನ್ನೂ ಒಡೆದಿಲ್ಲವೆಂಬುದು ಹೆಂಡತಿಯ ಕಣ್ಣಿಗೆ ಬೀಳುವವರೆಗೆ ಈ ವಿವರಣೆ ಊರ್ಜಿತವಾಗಿರುತ್ತದೆ.

ವಿಚಾರಣೆಗೆ ಒಳಗಾದ ವೃದ್ಧೆಯು ಜಪಸರವನ್ನು ಪಕ್ಕಕ್ಕಿಟ್ಟು, "ಈ ಸಲದ ದ್ರಾಕ್ಷಾಸವ ಛೊಲೋ ಅದ ನೋಡು. ಮೊದಲಿಗೆ ಸೀ ಹತ್ತತದ, ಹಿಂದಿಂದನ ಹುಳಿ ಬಂದು ಆ ಸೀ ಒರಸಿಕೊಂಡು ಹೋಗತದ, ಬಾಯಿ ಅಂಟಂಗಿಲ್ಲ. ಇನ್ನೊಂದ ತರಸು" ಎನ್ನುತ್ತಾಳೆ. ಮುಂದಿನ ಭಾನುವಾರದಿಂದ ತಜ್ಞನ ವ್ಯಾಖ್ಯಾನದಲ್ಲಿ ಈ ಮಾತು, ಗ್ರಾಂಥಿಕ ಕನ್ನಡಕ್ಕೆ ತಿರುಗಿ, ಒಬ್ಬ ಹಂಗೇರಿಯನ್ ಪಂಡಿತನ ಅಭಿಪ್ರಾಯವಾಗಿ ಕೇಳಿಬರುತ್ತದೆ.