ಬೇಡಿದ್ದಕ್ಕೆಲ್ಲ ‘ಆಗಲಿ’ ಅಂದ ಬ್ರೂಸಪ್ಪಗೊಂದು ಬಹಿರಂಗ ಪತ್ರ

ಶ್ರೀಯುತ ಬ್ರೂಸ್ ನೋಲನ್, ಅರ್ಥಾತ್ ನಮ್ಮ ಬ್ರೂಸಪ್ಪನವರಿಗೆ,

ಲಕ್ಕುಂಡಿಯಿಂದ ನಮಸ್ಕಾರ. ಇತ್ತ ಎಲ್ಲರೂ ಕ್ಷೇಮ. ನಿಮ್ಮ ‘ಬ್ರೂಸ್ ಆಲ್‌ಮೈಟಿ’ ಸಿನಿಮಾ ಬಂದದ್ದು 2003ರಲ್ಲಿ. ನಾನು ನೋಡಿದ್ದು ಮೊನ್ನೆ, ಮೊಮ್ಮಗನ ಮೊಬೈಲಿನಲ್ಲಿ. ತಡವಾಯಿತೆಂದು ಬೇಸರ ಬೇಡ, ಸಾವಿರ ವರ್ಷದ ಊರಿನವರಿಗೆ ಇಪ್ಪತ್ತು ವರ್ಷವೂ ಮೊನ್ನೆಯೇ.

ದೇವರು ತನ್ನ ಅಧಿಕಾರವನ್ನೆಲ್ಲ ನಿಮ್ಮ ಕೈಗಿಟ್ಟ. ನೀವು ಬಟ್ಟಲಿನ ಸೂಪನ್ನು ಇಬ್ಭಾಗ ಮಾಡಿದಿರಿ. ಗೆಳತಿಯನ್ನು ಮೆಚ್ಚಿಸಲು ಚಂದ್ರನಿಗೆ ಹಗ್ಗ ಹಾಕಿ ಎಳೆದಿರಿ; ಅತ್ತ ಜಪಾನಿನಲ್ಲಿ ಸಮುದ್ರ ಉಕ್ಕಿತು. ಭಕ್ತರ ಅರ್ಜಿ ಓದಿ ಸಾಕಾಗಿ ಎಲ್ಲಕ್ಕೂ ಒಂದೇ ಏಟಿಗೆ ‘ಆಗಲಿ’ ಅಂದಿರಿ. ಲಾಟರಿ ಎಲ್ಲರಿಗೂ ಹತ್ತಿತು, ತಲೆಗೆ 17 ಡಾಲರ್! ನಮ್ಮ ಕಡೆ ಬೆಳೆ ಪರಿಹಾರ ಬರುವುದೂ ಹೀಗೇ. ಅದಕ್ಕೇ ಆ ದೃಶ್ಯಕ್ಕೆ ಮೊಮ್ಮಗ ನಕ್ಕ, ನಾನು ನಗಲಿಲ್ಲ.

ಒಂದು ದಿನ ಇಲ್ಲಿಗೆ ಬಂದು ‘ಆಗಲಿ’ ಅನ್ನಿ ನೋಡೋಣ. ಹೆದ್ದಾರಿಯ ಮೇಲೆ ಹೆಸರು ಹರವಿದವನು ‘ಇನ್ನೆಂಟ ದಿನ ಮಳಿ ಬ್ಯಾಡೋ ಯಪ್ಪಾ’ ಅಂತಾನೆ. ಬದುವಿನಾಚೆ ಉಳ್ಳಾಗಡ್ಡಿ ಹಾಕಿದವನು ‘ನಾಳೇನ ಒಂದ ಹದ ಮಳಿ ಕೊಡೋ’ ಅಂತಾನೆ. ಇಬ್ಬರೂ ಕಾಯಿ ಒಡೆಸುವುದು ಒಂದೇ ಗುಡಿಯಲ್ಲಿ. ಇಬ್ಬರೂ ಅಣ್ಣತಮ್ಮಂದಿರು. ನಮ್ಮ ಬ್ರಹ್ಮ ಜಿನಾಲಯದ ಬ್ರಹ್ಮನಿಗೆ ನಾಲ್ಕು ಮುಖ ಯಾಕೆಂದು ಆಗ ನಿಮಗೆ ತಿಳಿದೀತು.

ಬೇಡಿದ್ದು ಕೊಡುವ ರತ್ನಕ್ಕೆ ನಮ್ಮಲ್ಲಿ ಚಿಂತಾಮಣಿ ಎನ್ನುತ್ತಾರೆ. ಆ ಬಸದಿಯನ್ನು 1007ರಲ್ಲಿ ಕಟ್ಟಿಸಿದ ಅತ್ತಿಮಬ್ಬೆಗೆ ‘ದಾನಚಿಂತಾಮಣಿ’ ಎಂಬ ಬಿರುದು. ಚಂದ್ರನನ್ನು ಎಳೆದು ಗಳಿಸಿದ್ದಲ್ಲ. ಗಂಡ ನಾಗದೇವ ಯುದ್ಧದಲ್ಲಿ ಹೋದ ಮೇಲೆ ಆಕೆ ರನ್ನನಿಂದ ಅಜಿತಪುರಾಣ ಬರೆಸಿದಳು, ಪೊನ್ನನ ಶಾಂತಿಪುರಾಣಕ್ಕೆ 1000 ಪ್ರತಿ ಮಾಡಿಸಿ ಹಂಚಿದಳು. ಓಲೆಗರಿ ಹದ ಮಾಡಬೇಕು, ಕಂಠವೆಂಬ ಮೊನಚು ಕಡ್ಡಿಯಿಂದ ಒಂದೊಂದೇ ಅಕ್ಷರ ಕೊರೆಯಬೇಕು, ಮಸಿ ಸವರಿ ಒರೆಸಬೇಕು. ಪುರಾಣ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೂ 999 ಬಾಕಿ. ಚಿಟಿಕೆ ಹೊಡೆಯುವ ಸೌಲಭ್ಯ ಆಗ ಇರಲಿಲ್ಲ, ಪಾಪ.

ಹಾಗಂತ ನಾವೇನು ಸಾಚಾ ಅಲ್ಲ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಬಂದವರೆದುರು ಎದೆಯುಬ್ಬಿಸುತ್ತೇವೆ. ಮದುವೆ ಮನೆಗೆ ಕ್ಯಾನಿನ ನೀರು ತರಿಸುತ್ತೇವೆ. ನಿಮ್ಮ ಹುದ್ದೆ ಖಾಲಿಯಿದೆ ಎಂದು ಗೊತ್ತಾದರೆ ಮೊದಲ ಅರ್ಜಿ ನನ್ನದೇ.

ಅಂದಹಾಗೆ, ಕೈಯಲ್ಲಿ ಚೂರುಪಾರು ಶಕ್ತಿ ಉಳಿದಿದ್ದರೂ ಚಂದ್ರನ ತಂಟೆಗೆ ಹೋಗಬೇಡಿ. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಗೆ ಬನ್ನಿ. ಮೆಟ್ಟಿಲಿಳಿಯೋಣ, ಯಾರಾದರೂ ಎಸೆದ ಬಾಟಲಿ, ಚಿಪ್ಸ್ ಪೊಟ್ಟಣ ಸಿಕ್ಕರೆ ಇಬ್ಬರೂ ಎತ್ತೋಣ. ನಿಮ್ಮ ಚಿತ್ರದಲ್ಲಿ ದೇವರೇ ನೆಲ ಒರೆಸುತ್ತಾನಲ್ಲ, ಆ ಕೋಲು ಮರೆಯದೆ ತನ್ನಿ. ಚಹಾ, ಮಿರ್ಚಿ ನನ್ನ ಲೆಕ್ಕ.

ಇಂತಿ,
ಲಕ್ಕುಂಡಿಯ ಒಬ್ಬ ಅರ್ಜಿದಾರ